ಬೀಗ ಹೊರಗೆ, ಹುಡುಗ ಒಳಗೆ

ಮೈಸೂರಿನ ಒಂದು ಹುಡುಗರ ಹಾಸ್ಟೆಲ್‌ನಲ್ಲಿ ಮೇಂಟೆನೆನ್ಸ್ ನನ್ನ ಕೆಲಸ. ನಲ್ಲಿ ಸೋರಿದರೂ ನಾನೇ, ಗೀಸರ್ ಕೆಟ್ಟರೂ ನಾನೇ. ಹೋದ ಮಳೆಗಾಲದಲ್ಲಿ ನಡೆದ ಒಂದು ಸಂಗತಿಯನ್ನು ನಮ್ಮ ಬಡಗಿ ಆಚಾರ್ರು ಇವತ್ತಿಗೂ ಟೀ ಹೊತ್ತಿಗೆ ತೆಗೆದು ನನ್ನ ಕಾಲೆಳೆಯುತ್ತಾರೆ. ಸ್ವಲ್ಪ ಉಪ್ಪು ಖಾರ ಜಾಸ್ತಿನೇ ಹಾಕುತ್ತಾರೆ. ಅದಕ್ಕೇ ನಡೆದ ಹಾಗೆ ನಾನೇ ಬರೆದುಬಿಡೋಣ ಅಂತ.

48 ರೂಮು. ಎಲ್ಲಾ ಸಪಾಟಾದ ಫ್ಲಶ್ ಡೋರು, ಎಲ್ಲದಕ್ಕೂ ಬಾಗಿಲ ದಪ್ಪದೊಳಗೇ ಕೂರುವ ಮಾರ್ಟಿಸ್ ಲಾಕು. ವರ್ಷ ಮುಗಿಯುವ ಹೊತ್ತಿಗೆ ಒಂದು ರೂಮಿಗೆ ಒಂದು ಕೀಯೂ ಇರುವುದಿಲ್ಲ, ಇನ್ನೊಂದಕ್ಕೆ ಏಳು ಇರುತ್ತವೆ. ಎರಡು ಲ್ಯಾಪ್‌ಟಾಪ್ ಕಾಣೆಯಾದ ಮೇಲೆ ಮ್ಯಾನೇಜ್‌ಮೆಂಟ್‌ಗೆ ಎಚ್ಚರ ಆಯಿತು. ಲಾಕಿನಲ್ಲಿ ಕೀ ಹಾಕುವ ಭಾಗ ಇದೆಯಲ್ಲ, ಸಿಲಿಂಡರ್, ಅದನ್ನು ಬದಲಾಯಿಸೋಣ ಸಾರ್ ಅಂದೆ. ಕೊಟೇಶನ್ ನೋಡಿ ಫೈಲ್ ಮುಚ್ಚಿದರು. "ಹುಡುಗರು ಅವರವರ ಬೀಗ ತರಲಿ, ಇರೋ ಬಾಗಿಲಿಗೇ ಬೀಗ ಹಾಕೋ ಹಾಗೆ ಮಾಡಿ ಸಾಕು" ಅಂದರು. ರೂಮು ಬೀಗ ಹಾಕದೆ ಬಿಟ್ಟರೆ ಫೈನ್ ಅಂತ ವಾರ್ಡನ್ ನೋಟಿಸ್ ಬೇರೆ.

ಶಿವರಾಂಪೇಟೆಯಿಂದ 12 ಇಂಚಿನ ಅಲ್ಡ್ರಾಪ್ ತಂದೆವು. ಅಲ್ಡ್ರಾಪ್ ಅಂದರೇನು ಅಂತ ಅಕೌಂಟ್ಸ್‌ನವರು ಬಿಲ್ಲು ವಾಪಸ್ ಕಳಿಸಿದರು. ಐಎಸ್ 281 ಅನ್ನೋ ಭಾರತೀಯ ಮಾನದಂಡ ತೆಗೆದು ತೋರಿಸಿದೆ, ಬೀಗ ಹಾಕಲಿಕ್ಕೆ ಅಂತಲೇ ಇರುವ ಜಾರುವ ಅಗುಳಿ ಸ್ವಾಮಿ ಅಂತ. ಆಮೇಲೆ ಪಾಸಾಯಿತು.

ಹ್ಯಾಂಡಲ್ಲೂ ಲ್ಯಾಚೂ ಇರಲಿ, ಸಿಲಿಂಡರ್ ಮಾತ್ರ ಕಿತ್ತುಬಿಡೋಣ ಅಂತ ನಾನೇ ತೀರ್ಮಾನ ಮಾಡಿದೆ. ಹಳೆ ಕೀ ಇಟ್ಟುಕೊಂಡವನು ಯಾರದೋ ರೂಮು ಲಾಕ್ ಮಾಡಿ ಆಟ ಆಡಬಾರದು ಅಲ್ವಾ? ಬಾಗಿಲ ದಪ್ಪದ ಕಡೆ ಇರುವ ಉದ್ದ ಸ್ಕ್ರೂ ಬಿಚ್ಚಿ, ಒಳಗಿನ ನಾಬ್ ಸ್ವಲ್ಪ ತಿರುಗಿಸಿದರೆ ಸಿಲಿಂಡರಿನ ನಾಲಿಗೆ ಅದರ ಮೈಯೊಳಗೇ ಸೇರುತ್ತದೆ, ಎಳೆದರೆ ಸಿಲಿಂಡರ್ ಕೈಗೆ ಬರುತ್ತದೆ. ತೂತು ಮುಚ್ಚಲು ಎರಡೂ ಕಡೆಗೆ ಸೇರಿ 96 ಪ್ಲೇಟು ಕೇಳಿದ್ದೆ. 48ಕ್ಕೆ ಸ್ಯಾಂಕ್ಷನ್ ಆಯಿತು. ಹೊರಗಡೆ ಮಾತ್ರ ಹಾಕಿದೆವು. ಬೈದುಕೊಂಡೇ ಹಾಕಿದೆವು.

ನಾನು ಬೀಗಿದ್ದು ಬೋಲ್ಟ್ ವಿಷಯದಲ್ಲಿ. ಅಲ್ಡ್ರಾಪಿನಲ್ಲಿ ಬೀಗ ತೂರಿಸುವ ಕೊಂಡಿ ಪ್ಲೇಟಿಗೆ ಸ್ಕ್ರೂ ಹೊಡೆದರೆ ಯಾವನೋ ಒಬ್ಬ ಸ್ಕ್ರೂ ಡ್ರೈವರ್ ತಂದು ಬೀಗದ ಸಮೇತ ಬಿಚ್ಚಿಕೊಂಡು ಹೋಗುತ್ತಾನೆ. ಫ್ಲಶ್ ಡೋರಿನಲ್ಲಿ ಸ್ಕ್ರೂ ಜಾಸ್ತಿ ದಿನ ಹಿಡಿಯುವುದೂ ಇಲ್ಲ. ಅದಕ್ಕೆ ಬಾಗಿಲು ಪೂರ್ತಿ ತೂತು ಹೊಡೆದು, 6 ಎಂಎಂ ಗುಂಡು ತಲೆ ಬೋಲ್ಟ್ ತೂರಿಸಿ, ಒಳಗಡೆಯಿಂದ ನಟ್ ಬಿಗಿ ಮಾಡಿಸಿದೆ. ಹೊರಗಿನಿಂದ ಬಿಚ್ಚಲು ಸಾಧ್ಯವೇ ಇಲ್ಲ ಅಂತ ವಾರ್ಡನ್‌ಗೆ ಎರಡು ಸಲ ಹೇಳಿದ್ದೆ.

ಒಂದು ಶನಿವಾರ ಹತ್ತೂವರೆಗೆ ವಾರ್ಡನ್ ಫೋನ್. ಮೊದಲ ಮಹಡಿಯಲ್ಲಿ ಒಬ್ಬ ಹುಡುಗ ಒಳಗೇ ಸಿಕ್ಕಿಕೊಂಡಿದ್ದಾನೆ, ಹೊರಗೆ ಬೀಗ, ಒಳಗೆ ಅವನಿಗೆ ಜ್ವರ. ರೂಂಮೇಟ್ ಬೆಳಗ್ಗೆ ಎದ್ದು ಊರಿಗೆ ಹೊರಟವನು, ಕತ್ತಲಲ್ಲಿ ಮುಸುಕು ಹಾಕಿ ಮಲಗಿದ್ದವನನ್ನು ನೋಡದೆ, ಫೈನ್ ಭಯಕ್ಕೆ ಬೀಗ ಜಡಿದು ಹೋಗಿದ್ದಾನೆ. ಮಂಡ್ಯದ ಮನೆಯಲ್ಲಿ ತಿಂಡಿ ತಿನ್ನುತ್ತಿದ್ದವನು ಫೋನ್ ಎತ್ತಿದ, ಈಗಲೇ ಹೊರಟೆ ಅಂದ. ಕೀ ಅವನ ಜೇಬಿನಲ್ಲಿ. ಈಗಲೇ ಅಂದರೆ ಒಂದು ಗಂಟೆ ಮೇಲೆ.

ಕಟಿಂಗ್ ಮೆಷಿನ್ ತರೋಣ ಅಂದರೆ ಅದು ಹೂಟಗಳ್ಳಿಯ ಸೈಟಿಗೆ ಹೋಗಿತ್ತು. ಹ್ಯಾಕ್ಸಾ ಹಿಡಿದು ಬೀಗದ ಕೊಂಡಿ ಕೊಯ್ಯಲು ಕೂತೆ. ಒಳ್ಳೆ ಬೀಗ, ಹದ ಕೊಟ್ಟ ಉಕ್ಕು. ಬ್ಲೇಡಿನ ಹಲ್ಲು ಸವೆಯಿತೇ ಹೊರತು ಕೊಂಡಿ ಮೇಲೆ ಒಂದು ಗೀಟೂ ಸರಿಯಾಗಿ ಬೀಳಲಿಲ್ಲ. ಎರಡನೇ ಬ್ಲೇಡ್ ಮುರಿಯಿತು. ಒಳಗಿನಿಂದ "ಅಣ್ಣ, ತಲೆ ಸುತ್ತುತ್ತಿದೆ" ಅಂದ. ಆಮೇಲೆ ಮಾತಿಲ್ಲ. ಕೂಗಿದೆ, ಬಡಿದೆ, ಉತ್ತರ ಇಲ್ಲ. ಎರಡು ನಿಮಿಷ ಇರಬಹುದು. ಕಾರಿಡಾರಿನಲ್ಲಿ ಮೂವತ್ತು ಹುಡುಗರು ನಿಂತಿದ್ದರು, ಒಬ್ಬನೂ ಉಸಿರೆತ್ತಲಿಲ್ಲ. ವಾರ್ಡನ್ 112ಕ್ಕೆ ಮಾಡಲಾ ಅಂತ ಫೋನ್ ಹಿಡಿದುಕೊಂಡು ನನ್ನ ಮುಖ ನೋಡುತ್ತಿದ್ದರು. ಮಾಡಿ ಅನ್ನಬೇಕಿತ್ತು. ಅನ್ನಲಿಲ್ಲ. ನಾನು ಹಾಕಿದ ಅಲ್ಡ್ರಾಪ್ ಒಡೆಯಲು ಫೈರ್‌ನವರು ಬಂದರೆ ನನ್ನ ಮರ್ಯಾದೆ ಏನಾಗಬೇಕು ಅನ್ನೋದೇ ತಲೆಯಲ್ಲಿ. ಈಗ ನೆನೆಸಿಕೊಂಡರೂ ನಾಚಿಕೆ ಆಗುತ್ತದೆ.

ಆಗ ಹಿಂದೆ ನಿಂತಿದ್ದ ಆಚಾರ್ರು ನಿಧಾನಕ್ಕೆ, "ನಟ್ ಒಳಗಡೆ ತಾನೇ ಇರೋದು? ಹುಡುಗನೂ ಒಳಗಡೆ ತಾನೇ ಇರೋದು?" ಅಂದರು.

ಇಪ್ಪತ್ತು ನಿಮಿಷ ಕೊಯ್ದಿದ್ದೆ ಸ್ವಾಮಿ ನಾನು.

ಹೊರಗಿನ ಪ್ಲೇಟಿನ ಎರಡು ಸ್ಕ್ರೂ ಬಿಚ್ಚಿದೆ. ಸಿಲಿಂಡರ್ ಇದ್ದ ತೂತಿನಲ್ಲಿ ರೂಮಿನ ಬೆಳಕು ಕಂಡಿತು. ಹುಡುಗ ಬಾಗಿಲ ಪಕ್ಕದಲ್ಲೇ ಗೋಡೆಗೆ ಒರಗಿ ಕೂತಿದ್ದ, ಕಾಲು ಕಂಡಿತು. ಕರೆದರೆ ಹ್ಞೂಂ ಅಂದ. ಆ ನಟ್‌ಗೆ ಕೂರುವ 10-11 ಸ್ಪ್ಯಾನರನ್ನು ಉದ್ದಕ್ಕೆ ತೂರಿಸಿದೆ, ಆ ಕಡೆ ನೆಲಕ್ಕೆ ಬಿತ್ತು. ಕೇಳಿದ ಹಾಗೆ 96 ಪ್ಲೇಟು ಕೊಟ್ಟಿದ್ದರೆ ಆ ತೂತು ಎರಡೂ ಕಡೆ ಮುಚ್ಚಿರುತ್ತಿತ್ತು. ಅವರ ಜಿಪುಣತನ ಕೆಲಸಕ್ಕೆ ಬಂದಿದ್ದು ಅದೊಂದೇ ಸಲ.

"ಬಲಕ್ಕೆ ತಿರುಗಿಸು ಮಗ, ಬಲಕ್ಕೆ" ಅಂದೆ. ಪಾಪ, ಇರುವ ಶಕ್ತಿಯೆಲ್ಲಾ ಹಾಕಿ ತಿರುಗಿಸಿದ. "ಬಿಗಿ ಆಗ್ತಿದೆ ಅಣ್ಣ" ಅಂದ. ನನ್ನ ಕಡೆಯಿಂದ ನೋಡಿದರೆ ಅದು ಬಲ, ಅವನಿಗೆ ಅದು ಎಡ. ಆಚಾರ್ರು ನನ್ನನ್ನು ಪಕ್ಕಕ್ಕೆ ಸರಿಸಿ ತಾವೇ ಹೇಳಿಕೊಟ್ಟರು. ನಾನು ಕೊಂಡಿ ಪ್ಲೇಟು ಅಲ್ಲಾಡದ ಹಾಗೆ ಒತ್ತಿ ಹಿಡಿದೆ, ಅಷ್ಟೇ ನನ್ನ ಸೇವೆ. ಎರಡು ನಟ್ ಬಿಚ್ಚಲು ಮಧ್ಯೆ ಒಂದು ಸಲ ಸುಧಾರಿಸಿಕೊಂಡ. ಬೀಗದ ಸಮೇತ ಕೊಂಡಿ ಪ್ಲೇಟು ನನ್ನ ಕೈಗೆ ಬಂತು, ಅಗುಳಿ ಜಾರಿಸಿದೆ, ಬಾಗಿಲು ತೆರೆಯಿತು. ಡ್ರಿಪ್ ಹಾಕಿಸಿಕೊಂಡು ಸಂಜೆಗೆ ವಾಪಸ್ ಬಂದ.

ಸೋಮವಾರ ಮೀಟಿಂಗ್. ಫಿಟಿಂಗ್ ಸರಿ ಇಲ್ಲ ಅಂದರು. ನೋಟಿಸ್ ಯಾರು ಹಾಕಿದ್ದು ಅಂತ ಬಾಯಿಗೆ ಬಂತು, ನುಂಗಿಕೊಂಡೆ. ಯಾಕೆಂದರೆ ತಪ್ಪು ನನ್ನದೂ ಇತ್ತು. ಹಳೆ ಲಾಕಿಗೆ ಒಳಗಡೆ ಒಂದು ನಾಬ್ ಇತ್ತು, ಹೊರಗೆ ಯಾರು ಲಾಕ್ ಮಾಡಿದರೂ ಒಳಗಿದ್ದವನು ಕೈಯಲ್ಲೇ ತಿರುಗಿಸಿ ಆಚೆ ಬರಬಹುದಿತ್ತು. ಅದನ್ನು ಕಿತ್ತು ಗೋಣಿಚೀಲಕ್ಕೆ ಹಾಕಿದವನು ನಾನೇ. ಕಳ್ಳ ಹೇಗೆ ಬರುತ್ತಾನೆ ಅಂತ ಒಂದು ವಾರ ಯೋಚನೆ ಮಾಡಿದ್ದೆ. ಒಳಗಿದ್ದವನು ಹೇಗೆ ಬರುತ್ತಾನೆ ಅಂತ ಒಂದು ನಿಮಿಷವೂ ಮಾಡಿರಲಿಲ್ಲ.

ಈಗ 48 ಬಾಗಿಲಿಗೂ ಒಳಗಡೆ ಮಾಮೂಲಿ ನಟ್ ತೆಗೆದು ಚಿಟ್ಟೆ ನಟ್ ಹಾಕಿಸಿದ್ದೇನೆ, ಸ್ಪ್ಯಾನರ್ ಬೇಡ, ಬೆರಳಲ್ಲೇ ಬಿಚ್ಚಬಹುದು. ಹುಡುಗರು ಸುಮ್ನೆ ಕೂತಾಗ ತಿರುಗಿಸಿ ಸಡಿಲ ಮಾಡುತ್ತಾರೆ, ತಿಂಗಳಿಗೊಮ್ಮೆ ನಾವು ಬಿಗಿ ಮಾಡಿಕೊಂಡು ಬರುತ್ತೇವೆ. ಒಳಗಿನ ತೂತಿಗೆ ಪ್ಲೇಟು ಈಗ ಸ್ಯಾಂಕ್ಷನ್ ಆಗಿದೆ, ಸ್ಟೋರಿನಲ್ಲಿ ಹಾಗೇ ಕೂತಿದೆ.

ಆ 10-11 ಸ್ಪ್ಯಾನರ್ ಮಾತ್ರ ನನಗೆ ವಾಪಸ್ ಬಂದಿಲ್ಲ. ಹುಡುಗ ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾನೆ. ಕೇಳಿದರೆ, "ಇರಲಿ ಬಿಡಿ ಅಣ್ಣ" ಅನ್ನುತ್ತಾನೆ.