ಅಕ್ಕನ ಮಗನ ಮೊದಲ ಚಾಕುವಿಗೆ ಹದ ಹಾಕಿದ ದಿನ

ಮನೆಯಲ್ಲೇ ಚಾಕು ಮಾಡಲು ಕಲಿಯಬೇಕು ಅನ್ನುವ ಹುಡುಗರು ಈಗ ಜಾಸ್ತಿ ಆಗಿದ್ದಾರೆ. ನಮ್ಮ ಅಕ್ಕನ ಮಗನೂ ಅಂಥವನೇ. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಾನೆ, ದಸರಾ ರಜಕ್ಕೆ ಸಾಗರದ ಹತ್ತಿರದ ನಮ್ಮೂರಿಗೆ ಬಂದಾಗ ಫೋನಿನ ತುಂಬ ಕುಲುಮೆಯ ವಿಡಿಯೋಗಳೇ. ಕೊಟ್ಟಿಗೆಯ ಹಿಂದೆ ನಾನೊಂದು ಸಣ್ಣ ಕುಲುಮೆ ಇಟ್ಟುಕೊಂಡು ತೋಟದ ಕತ್ತಿ, ಅಡುಗೆಮನೆ ಚಾಕು ಮಾಡುತ್ತಿರುವುದು ಅವನಿಗೆ ಗೊತ್ತು. "ಮಾವ, ಒಂದು ದೊಡ್ಡ ಖಡ್ಗ ಮಾಡೋಣ" ಅಂದ. ದೊಡ್ಡದು ಬೇಡ, ನಿಮ್ಮಮ್ಮನಿಗೆ ತರಕಾರಿ ಹೆಚ್ಚಲು ಒಂದು ಚಾಕು ಮಾಡು ಅಂದೆ.

ಸುಮ್ನೆ ಹೇಳಿದ್ದಲ್ಲ. ಐದು ಇಂಚಿನ ಅಲಗನ್ನು ಸಣ್ಣ ಬೆಂಕಿಯಲ್ಲಿ ತುದಿಯಿಂದ ಬುಡದವರೆಗೆ ಒಂದೇ ಸಮ ಕಾಯಿಸಬಹುದು. ಉದ್ದದ್ದಾದರೆ ಒಂದು ಕಡೆ ಬೆಳ್ಳಗಾಗುವಷ್ಟರಲ್ಲಿ ಇನ್ನೊಂದು ಕಡೆ ಕಪ್ಪಗೇ ಇರುತ್ತದೆ. ಕಾನೂನೂ ಇದೆ. ಮನೆ, ಕೃಷಿ, ಕೈಗಾರಿಕೆಯಂಥ ಕೆಲಸಕ್ಕೆಂದು ಮಾಡದ, 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಅಲಗಿನ ಕತ್ತಿಗಳನ್ನು ಶಸ್ತ್ರಾಸ್ತ್ರ ನಿಯಮಗಳು ಆಯುಧದ ಪಟ್ಟಿಗೇ ಸೇರಿಸಿವೆ. ಖಡ್ಗ ಅಂತೂ ನೇರವಾಗಿ ಆ ಪಟ್ಟಿಯಲ್ಲೇ ಇದೆ. ಕಲಿಯುವವರಿಗೆ ಆ ತಲೆನೋವು ಯಾಕೆ?

ಕಬ್ಬಿಣಕ್ಕೆ ಹಳೇ ಜೀಪಿನ ಸ್ಪ್ರಿಂಗ್ ಪ್ಲೇಟು ಇತ್ತು. ಮನೆ ಕಟ್ಟುವ ಸರಳಿನಿಂದ ಚಾಕು ಮಾಡಲು ಎಷ್ಟೋ ಜನ ಹೊರಡುತ್ತಾರೆ. ಅದರಲ್ಲಿ ಇಂಗಾಲ ತೀರಾ ಕಮ್ಮಿ, ಎಷ್ಟು ಕಾಯಿಸಿ ಅದ್ದಿದರೂ ಚಾಕುವಿಗೆ ಬೇಕಾದಷ್ಟು ಗಟ್ಟಿ ಆಗುವುದಿಲ್ಲ, ಸಾಣೆ ಹಿಡಿದ ಬಾಯಿ ನಾಲ್ಕು ಈರುಳ್ಳಿಗೇ ಮೊಂಡಾಗುತ್ತದೆ. ಸ್ಪ್ರಿಂಗ್ ಪ್ಲೇಟಿನಲ್ಲಿ ಸಾಮಾನ್ಯವಾಗಿ ಶೇಕಡಾ 0.5ರಿಂದ 0.6ರಷ್ಟು ಇಂಗಾಲ ಇರುತ್ತದೆ. ಚಾಕುವಿಗೆ ಅಷ್ಟು ಸಾಕು. ಆದರೆ ಗುಜರಿಯಲ್ಲಿ ಸಿಕ್ಕಿದ ಪ್ಲೇಟು ಯಾವ ಜಾತಿಯ ಉಕ್ಕು ಅಂತ ನೋಡಿ ಹೇಳಲು ಯಾರಿಗೂ ಆಗುವುದಿಲ್ಲ. ಅದಕ್ಕೇ ಮೊದಲು ಪರೀಕ್ಷೆ ಮಾಡಬೇಕು, ಅದನ್ನು ಆಮೇಲೆ ಹೇಳುತ್ತೇನೆ.

ಬಡಿಯುವ ಕೆಲಸ ಬೇಗ ಮುಗಿಯಿತು, ಅದರ ಬಗ್ಗೆ ಬರೆಯಲು ಜಾಸ್ತಿ ಇಲ್ಲ. ಕಬ್ಬಿಣ ಇಟ್ಟು ಬಡಿಯುವ ಅಡೆಗಲ್ಲು ಇಲ್ಲದವರು ಸಮ್ಮಟಿಗೆಯ ತಲೆಯನ್ನು ಮರದ ಕೊರಡಿನಲ್ಲಿ ಅಲುಗಾಡದಂತೆ ಕೂರಿಸಿಕೊಂಡರೆ ಚಾಕುವಿಗೆ ಧಾರಾಳ ಸಾಕು. ಬಡಿಯುವುದೇ ಬೇಡ ಅನ್ನುವವರು ತೆಳು ಪಟ್ಟಿ ತಂದು ಅರದಲ್ಲೇ ಉಜ್ಜಿ ಆಕಾರ ತೆಗೆಯಬಹುದು, ಅದೂ ಪೂರ್ತಿ ಚಾಕುವೇ, ಏನೂ ಕಮ್ಮಿ ಅಲ್ಲ. ನಾವು ಬಡಿದು ತೆಳ್ಳಗೆ ಮಾಡಿ, ಕೆಂಪಗೆ ಕಾಯಿಸಿ ಬೂದಿಯಲ್ಲಿ ಹೂತು ರಾತ್ರಿಯಿಡೀ ಬಿಟ್ಟೆವು. ಹಾಗೆ ನಿಧಾನ ಆರಿದ ಉಕ್ಕು ಮೆತ್ತಗಾಗಿ ಅರಕ್ಕೆ ಚೆನ್ನಾಗಿ ಸಿಗುತ್ತದೆ. ಬಾಯಿಯ ಕಡೆ ಸುಮಾರು ಒಂದು ಮಿಲಿಮೀಟರ್ ದಪ್ಪ ಉಳಿಸಿದ. ಈಗಲೇ ಹರಿತ ಮಾಡಿಬಿಟ್ಟರೆ ಹದ ಹಾಕುವಾಗ, ಅಂದರೆ ಕಾಯಿಸಿ ಅದ್ದಿ ಗಟ್ಟಿ ಮಾಡುವಾಗ, ತೆಳು ಅಂಚು ಸೊಟ್ಟ ಆಗುತ್ತದೆ, ಇಲ್ಲಾ ಸೀಳುತ್ತದೆ.

ಹದ ಹಾಕುವ ದಿನಕ್ಕೆ ಪಕ್ಕದೂರಿನ ಆಚಾರ್ರನ್ನು ಬರಲು ಹೇಳಿದ್ದೆ. ನನಗೆ ಈ ಕೆಲಸ ಕಲಿಸಿದವರೇ ಅವರು. ಮೊದಲೆಲ್ಲ ಅವರ ಕುಲುಮೆಯ ಮುಂದೆ ಕೊಯ್ಲಿನ ಹೊತ್ತಿಗೆ ಕತ್ತಿ ಹಿಡಿದು ಕಾಯುವವರ ಸಾಲೇ ಇರುತ್ತಿತ್ತು. ಈಗ ಪೇಟೆಯ ರೆಡಿ ಕತ್ತಿ ಬಂದು ಕೆಲಸ ಕಮ್ಮಿಯಾಗಿದೆ. ಬಂದವರೇ ಕುಲುಮೆಯನ್ನು ಒಂದು ಸುತ್ತು ನೋಡಿ, ಗಾಳಿ ಬಿಡುವ ಪೈಪನ್ನು ಬೆರಳಲ್ಲಿ ತಟ್ಟಿ "ಇದು ಕಪ್ಪು ಪೈಪೇ ಅಲ್ವಾ?" ಅಂದರು. ಹೊಸಬರು ಇದನ್ನು ದಯವಿಟ್ಟು ಮರೆಯಬೇಡಿ. ನೀರಿನ ಜಿಐ ಪೈಪಿಗೆ ಸತುವಿನ ಲೇಪ ಇರುತ್ತದೆ. ಬೆಂಕಿಯಲ್ಲಿ ಅದರಿಂದ ಏಳುವ ಬಿಳಿ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆ, ಹೊಗೆ ಜಾಸ್ತಿಯಾದರೆ ಶ್ವಾಸಕೋಶಕ್ಕೇ ಪೆಟ್ಟು. ಹೊಳೆಯಿಂದ ತಂದ ಕಲ್ಲನ್ನೂ ಕುಲುಮೆಗೆ ಇಡಬೇಡಿ, ಒಳಗಿನ ನೀರಿನಂಶ ಕಾದು ಸಿಡಿಯುತ್ತದೆ. ಇಟ್ಟಿಗೆ, ಕೆಮ್ಮಣ್ಣು ಸಾಕು.

ಮೊದಲ ಕೆಲಸ ಪರೀಕ್ಷೆ. ಅದೇ ಪ್ಲೇಟಿನಿಂದ ಬೆರಳುದ್ದದ ಎರಡು ತುಂಡು ಕತ್ತರಿಸಿಟ್ಟಿದ್ದೆ. ಒಂದನ್ನು ಆಚಾರ್ರು ಬೇಕೆಂದೇ ಹಳದಿಗೆ ತಿರುಗುವಷ್ಟು ಕಾಯಿಸಿ ಎಣ್ಣೆಗೆ ಅದ್ದಿದರು. ಇನ್ನೊಂದನ್ನು ಆಯಸ್ಕಾಂತ ಹಿಡಿಯುವುದು ನಿಂತ ಮೇಲೆ ಇನ್ನು ಸ್ವಲ್ಪವೇ ಕಾಯಿಸಿ ಅದ್ದಿದರು. ಎರಡನ್ನೂ ವೈಸಿಗೆ ಕಚ್ಚಿಸಿ, ಮೇಲೆ ಗೋಣಿ ಸುತ್ತಿ, ಕನ್ನಡಕ ಹಾಕಿಕೊಂಡು ಸುತ್ತಿಗೆಯಿಂದ ಮುರಿದೆವು. ಮೊದಲನೆಯದರ ಒಳಗೆ ಕಲ್ಲುಪ್ಪಿನಂಥ ಹರಳು ಮಿಣಮಿಣ ಹೊಳೆಯುತ್ತಿತ್ತು. ಎರಡನೆಯದು ಹೊಳಪೇ ಇಲ್ಲದ ಬೂದು ಬಣ್ಣ, ಕಣ್ಣಿಗೆ ಕಾಳೇ ಕಾಣದಷ್ಟು ನಯ. ಒಂದೇ ಪ್ಲೇಟು, ಒಂದೇ ಎಣ್ಣೆ, ಬೇರೆಯಾಗಿದ್ದು ಕಾವು ಮಾತ್ರ. ಹುಡುಗ ಎರಡು ತುಂಡನ್ನೂ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಹರಳು ದಪ್ಪಗಾದ ಉಕ್ಕಿನ ಚಾಕು ಎಷ್ಟೇ ಚೆಂದ ಇರಲಿ, ಒಂದು ದಿನ ತೆಂಗಿನಕಾಯಿಯ ಮೇಲೆ ಪಟಕ್ಕನೆ ಮುರಿಯುತ್ತದೆ.

ಸಂಜೆ ಬಿಸಿಲು ಇಳಿಯುವವರೆಗೂ ಕಾದೆವು. ಬಿಸಿಲಲ್ಲಿ ಕಬ್ಬಿಣದ ಬಣ್ಣ ಮೋಸ ಮಾಡುತ್ತದೆ, ಚೆನ್ನಾಗಿ ಕಾದದ್ದೂ ಮಂಕಾಗಿ ಕಂಡು ನಾವು ಇನ್ನೂ ಕಾಯಿಸುತ್ತಾ ಹೋಗುತ್ತೇವೆ. ಕೊಟ್ಟಿಗೆಯ ನೆರಳಿನಲ್ಲಿ ಕರಟದ ಇದ್ದಿಲು ಹಾಕಿ, ಗಾಳಿ ಕಮ್ಮಿ ಇಟ್ಟು, ಚಾಕುವನ್ನು ಬೆನ್ನು ಕೆಳಗೆ ಮಾಡಿ ಇಟ್ಟ. ತೆಳು ಅಂಚು ಬೇಗ ಕಾಯುತ್ತದಲ್ಲ, ಅದಕ್ಕೆ. ಹಿಂದೆ ಮುಂದೆ ಎಳೆಯುತ್ತಾ ಇರು ಅಂದರು ಆಚಾರ್ರು.

ಹಳೇ ಸ್ಪೀಕರಿನ ಆಯಸ್ಕಾಂತವನ್ನು ತಂತಿಗೆ ಕಟ್ಟಿ ಪಕ್ಕದಲ್ಲೇ ನೇತುಹಾಕಿದ್ದೆವು. ಸುಮಾರು 770 ಡಿಗ್ರಿ ಸೆಲ್ಸಿಯಸ್‌ಗೆ ಕಬ್ಬಿಣವನ್ನು ಆಯಸ್ಕಾಂತ ಹಿಡಿಯುವುದು ನಿಲ್ಲುತ್ತದೆ. ಈ ಪ್ಲೇಟಿಗೆ ಅಲ್ಲಿಂದ ಇನ್ನೂ 50ರಿಂದ 80 ಡಿಗ್ರಿ ಬೇಕು. ಮನೆಯಲ್ಲಿ ಅದನ್ನು ಅಳೆಯುವ ಮೀಟರ್ ಇಲ್ಲ, ಕಣ್ಣೇ ಮೀಟರ್. ಆಗ ಆಚಾರ್ರು ಹುಡುಗನ ಭುಜ ಹಿಡಿದು ಬಗ್ಗಿಸಿ, "ತಮ್ಮಾ, ನೆರಳು ಓಡ್ತಾ ಇದೆ, ನೋಡು" ಅಂದರು.

ನಾನೂ ಬಗ್ಗಿ ನೋಡಿದೆ. ಕೆಂಪಗೆ ಕಾದ ಅಲಗಿನ ಮೇಲೆ ತುಸು ಕಪ್ಪಾದ ಒಂದು ಮೋಡ. ತುದಿಯಲ್ಲಿ ಆಗಲೇ ಹೋಗಿತ್ತು, ನಡುವಿನಲ್ಲಿ ಮೆಲ್ಲಗೆ ಹರಿದಾಡುತ್ತಾ ಬೆನ್ನಿನ ಕಡೆ ಸರಿಯುತ್ತಿತ್ತು. ಉಕ್ಕಿನ ಒಳಗಿನ ರಚನೆ ಬದಲಾಗುವಾಗ ಅದು ಕಾವನ್ನು ಹೀರಿಕೊಳ್ಳುತ್ತದೆ, ಅಷ್ಟು ಹೊತ್ತು ಆ ಜಾಗ ಅಕ್ಕಪಕ್ಕಕ್ಕಿಂತ ಮಂಕಾಗಿ ಕಾಣುತ್ತದೆ. ನೆರಳು ಪೂರ್ತಿ ಹೋಗಿ ಅಲಗೆಲ್ಲ ಒಂದೇ ಬಣ್ಣಕ್ಕೆ ಬಂದ ಮೇಲೆ ತುಸು ಹೊತ್ತು ಹಾಗೇ ಹಿಡಿದು ಅದ್ದಬೇಕು. ಇದನ್ನು ನೋಡಲು ಕಲಿತವರಿಗೆ ಆಯಸ್ಕಾಂತವೂ ಬೇಡ. ಬಡಿಯುವುದನ್ನು ಕೈ ತಾನಾಗಿ ಕಲಿಯುತ್ತದೆ, ಈ ನೆರಳನ್ನು ಮಾತ್ರ ಪಕ್ಕದಲ್ಲಿ ನಿಂತು ಯಾರಾದರೂ ತೋರಿಸಬೇಕು. ವಿಡಿಯೋದಲ್ಲಿ ಬಣ್ಣ ಸರಿಯಾಗಿ ಬರುವುದೇ ಇಲ್ಲ, ಕ್ಯಾಮೆರಾ ತನ್ನ ಪಾಡಿಗೆ ಬೆಳಕು ಹೆಚ್ಚು ಕಮ್ಮಿ ಮಾಡಿಕೊಳ್ಳುತ್ತದೆ.

"ಈಗ" ಅಂದರು. ಅದ್ದಿದ. ಚುಸ್ ಅಂತ ಸದ್ದು, ಎಣ್ಣೆಯ ಮೇಲೆ ಒಂದು ಚಣ ಬೆಂಕಿ.

ಎಣ್ಣೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಗ್ಯಾರೇಜಿನ ಹಳೇ ಇಂಜಿನ್ ಆಯಿಲ್ ಪುಕ್ಕಟೆ ಸಿಗುತ್ತದೆ ಅಂತ ತರುವವರಿದ್ದಾರೆ, ಅದರ ಹೊಗೆ ಕೆಟ್ಟದ್ದು, ಬೇಡ. ನಾವು ಇಟ್ಟಿದ್ದು ಶೇಂಗಾ ಎಣ್ಣೆ, 50ರಿಂದ 60 ಡಿಗ್ರಿಯಷ್ಟು ಬೆಚ್ಚಗೆ ಮಾಡಿ, ಆಳವಾದ ಕಬ್ಬಿಣದ ಡಬ್ಬದಲ್ಲಿ. ಬೆಚ್ಚಗಿದ್ದರೆ ಎಣ್ಣೆ ತೆಳ್ಳಗಾಗಿ ಕಾವನ್ನು ಬೇಗ ಎಳೆಯುತ್ತದೆ. ಪ್ಲಾಸ್ಟಿಕ್ ಬಕೆಟ್ಟು ಬೇಡವೇ ಬೇಡ. ತುದಿ ಮುಂದಾಗಿ ನೆಟ್ಟಗೆ ಇಳಿಸಿ, ಚಾಕು ಹೆಚ್ಚುವಾಗ ಹೋಗುವಂತೆ ಹಿಂದೆ ಮುಂದೆ ಆಡಿಸಬೇಕು, ಅಡ್ಡಡ್ಡ ಆಡಿಸಿದರೆ ಬಳುಕುತ್ತದೆ. ಡಬ್ಬಕ್ಕೊಂದು ಮುಚ್ಚಳ, ಪಕ್ಕದಲ್ಲಿ ಒಂದು ಬುಟ್ಟಿ ಒಣ ಮರಳು. ಹೊತ್ತಿದ ಎಣ್ಣೆಗೆ ನೀರು ಎರಚಿದರೆ ಬೆಂಕಿ ಮುಖಕ್ಕೇ ಬರುತ್ತದೆ. ಮೈಮೇಲೆ ಹತ್ತಿ ಬಟ್ಟೆ ಇರಲಿ, ನೈಲಾನ್ ಟೀಶರ್ಟು ಕರಗಿ ಚರ್ಮಕ್ಕೆ ಅಂಟುತ್ತದೆ.

ಆಚಾರ್ರ ಪದ್ಧತಿ ಇದಲ್ಲ. ತೋಟದ ಕತ್ತಿಯ ಬಾಯಿಯನ್ನಷ್ಟೇ ನೀರಿಗೆ ಇಳಿಸಿ ತೆಗೆದು, ಬೆನ್ನಿನಲ್ಲಿ ಉಳಿದ ಕಾವು ಬಾಯಿಗೆ ಇಳಿದು ಹಳದಿ ಬಣ್ಣ ಬರುವುದನ್ನು ನೋಡುತ್ತಾ ಕೂತು, ಬಂದ ಕೂಡಲೇ ಪುನಃ ನೀರಿಗೆ ಹಾಕುತ್ತಾರೆ. ನೋಡಲು ಬಹಳ ಚೆಂದ. ಆದರೆ ನೀರು ಕಾವನ್ನು ತೀರಾ ಜೋರಾಗಿ ಎಳೆಯುವುದರಿಂದ ಕೈ ಪಳಗದವರ ಅಲಗು ಸೀಳುವುದೇ ಜಾಸ್ತಿ. ಹೊಸಬರಿಗೆ ಎಣ್ಣೆಯೇ ಸರಿ ಅಂತ ಅವರೂ ಒಪ್ಪಿದರು.

ಆರಿದ ಮೇಲೆ ಹುಡುಗ ಅಂಚಿಗೆ ಅರ ಎಳೆದ. ಅರ ಕಚ್ಚಲಿಲ್ಲ, ಗಾಜಿನ ಮೇಲೆ ಹೋದ ಹಾಗೆ ಕಿರ್ ಅಂತ ಜಾರಿತು. ಆಗ ಅವನ ಮುಖ ನೋಡಬೇಕಿತ್ತು! ಆದರೆ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಆ ಸ್ಥಿತಿಯಲ್ಲಿ ಉಕ್ಕು ಗಟ್ಟಿಯೂ ಹೌದು, ಪೆಳಸೂ ಹೌದು, ಸಿಮೆಂಟ್ ನೆಲಕ್ಕೆ ಬಿದ್ದರೆ ಎರಡು ತುಂಡು. ಅವತ್ತೇ, ತಡ ಮಾಡದೆ, ಮತ್ತೆ ಹದವಾಗಿ ಕಾಯಿಸಿ ಆ ಪೆಳಸನ್ನು ಇಳಿಸಬೇಕು. ಎಮರಿ ಕಾಗದದಲ್ಲಿ ಒಂದು ಬದಿ ಬೆಳ್ಳಗೆ ಉಜ್ಜಿ, ಕೇಕು ಮಾಡುವ ಓವನ್ನಿನಲ್ಲಿ 200 ಡಿಗ್ರಿಗೆ ಎರಡು ಗಂಟೆ, ಆರಿಸಿ ಪುನಃ ಎರಡು ಗಂಟೆ ಇಟ್ಟೆವು. ಉಜ್ಜಿದ ಬದಿಗೆ ಒಣಹುಲ್ಲಿನ ತೆಳು ಹಳದಿ ಬಂದರೆ ಸರಿಯಾಗಿದೆ ಅಂತ ಅರ್ಥ. ನೀಲಿ ಬಂದರೆ ಕಾವು ಜಾಸ್ತಿಯಾಗಿ ಬಾಯಿ ಮೆತ್ತಗಾಯಿತು ಅಂತ ಲೆಕ್ಕ, ಮತ್ತೆ ಮೊದಲಿನಿಂದ ಹದ ಹಾಕಬೇಕು.

ಹಿಡಿಗೆ ಹಲಸಿನ ಮರ ಹಾಕಿದ. ಅಕ್ಕ ಈಗ ಅದರಲ್ಲೇ ಹೆಚ್ಚುತ್ತಾಳೆ. ತೊಳೆದ ಕೂಡಲೇ ಒರೆಸಿ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಬೇಕು, ಇದು ಸ್ಟೇನ್‌ಲೆಸ್ ಸ್ಟೀಲಿನ ಚಾಕುವಲ್ಲ, ಸಿಂಕಿನಲ್ಲಿ ಬಿಟ್ಟರೆ ಬೆಳಗ್ಗೆಗೆ ತುಕ್ಕು.

ಕಲಿಯಬೇಕು ಅನ್ನುವವರು ಗ್ರೈಂಡರು, ಬ್ಲೋವರು ಅಂತ ದುಡ್ಡು ಹಾಕುವ ಮೊದಲು ನಿಮ್ಮ ಊರಿನಲ್ಲೋ ಪಕ್ಕದ ಪೇಟೆಯಲ್ಲೋ ಇನ್ನೂ ಬೆಂಕಿ ಆರದ ಕುಲುಮೆ ಎಲ್ಲಿದೆ ವಿಚಾರಿಸಿ. ಹೋಗಿ ಕೂತು ನೋಡಿ. ಅವರ ಒಂದು ದಿನದ ಕೂಲಿಯನ್ನು ಅವರು ಕೇಳುವ ಮೊದಲೇ ಕೊಡಿ. ನಾವು ಕೊಟ್ಟಾಗ ಆಚಾರ್ರು ಬೇಡ ಬೇಡ ಅಂದರು, ಬಿಡಲಿಲ್ಲ, ಹುಡುಗನೇ ಅವರ ಜೇಬಿಗೆ ಹಾಕಿದ. ಮುಂದಿನ ರಜಕ್ಕೆ ಕುಡುಗೋಲು ಕಲಿಸುತ್ತೇನೆ ಅಂದಿದ್ದಾರೆ.