ನೀನೇ ಏನಾದ್ರೂ ಹಾಕ್ಕೊಳಪ್ಪ

ಬಟ್ಟೆ ಒಗೆಯುವ ಪುಡಿಯ ಬಗ್ಗೆ ಮನೆಮನೆಗೆ ಹೋಗಿ ಮಾಡಿದ ಸಮೀಕ್ಷೆ, ಅದರ ಒಂದು ರೆಕಾರ್ಡಿಂಗ್‌ನ ಹತ್ತೊಂಬತ್ತನೇ ನಿಮಿಷ. ಸಂದರ್ಶನ ಮಾಡುವ ಹುಡುಗ ಟ್ಯಾಬ್ ನೋಡಿಕೊಂಡು ಓದುತ್ತಾನೆ: "ಈ ಪುಡಿಯ ಪರಿಮಳ ಮತ್ತು ಕೊಳೆ ತೆಗೆಯುವ ಗುಣ ನಿಮಗೆ ಎಷ್ಟು ತೃಪ್ತಿ ಕೊಟ್ಟಿತು?" ಹಿಂದೆಯೇ ಐದೂ ಆಯ್ಕೆಗಳನ್ನು ಒಂದೇ ಉಸಿರಿಗೆ ಹೇಳಿ ಮುಗಿಸುತ್ತಾನೆ. ಅರವತ್ತು ದಾಟಿದ ಹೆಂಗಸಿನ ದನಿ ಕೇಳುತ್ತದೆ: "ಘಮ ಚೆನ್ನಾಗಿದೆ. ಕೊಳೆ ಹೋಗಲ್ಲ. ಯಾವುದಕ್ಕೆ ಹೇಳ್ಲಿ?"

"ಎರಡೂ ಸೇರಿಸಿ ಒಂದೇ ಹೇಳಿ ಅಮ್ಮ."

ಐದಾರು ಸೆಕೆಂಡು ಮಾತಿಲ್ಲ. ಹಿಂದೆಲ್ಲೋ ಬಕೆಟ್‌ಗೆ ನೀರು ಬೀಳುವ ಸದ್ದು. ಆಮೇಲೆ: "ಹಂಗಾದ್ರೆ ನೀನೇ ಏನಾದ್ರೂ ಹಾಕ್ಕೊಳಪ್ಪ."

ಡೇಟಾ ಫೈಲಿನಲ್ಲಿ ಆ ಪ್ರಶ್ನೆಯ ಎದುರಿಗೆ 4 ಎಂದಿದೆ. 1ರಿಂದ 5ರವರೆಗಿನ ಅಳತೆಯಲ್ಲಿ 4 ಅಂದರೆ 'ತೃಪ್ತಿ ಇದೆ'.

ಮುಗಿದ ಸಂದರ್ಶನಗಳಲ್ಲಿ ನೂರಕ್ಕೆ ಹತ್ತನ್ನಾದರೂ ಕೇಳಿ, ಉತ್ತರವನ್ನು ಫೈಲಿನೊಂದಿಗೆ ತಾಳೆ ನೋಡುವುದು ಪದ್ಧತಿ. ಈ ವಾರ ಆ ಸರದಿಯಲ್ಲಿ ಬಂದದ್ದು ಇದು. ಮಂಗಳವಾರದಿಂದ ಎಷ್ಟು ಸಲ ಹಿಂದಕ್ಕೆ ಎಳೆದು ಕೇಳಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಅದೇ ಅನಿಸುತ್ತದೆ: ಆ ಅಮ್ಮನಿಗೆ ಅಭಿಪ್ರಾಯ ಇರಲಿಲ್ಲವೆಂದಲ್ಲ, ಚೊಕ್ಕಟವಾಗಿ ಎರಡಿತ್ತು. ಪುಡಿ ತಯಾರಿಸುವವರಿಗೆ ಬೇಕಾದದ್ದೂ ಅದೇ. ಪರಿಮಳ ಮುಟ್ಟಬೇಡಿ, ತೊಳೆಯುವ ಗುಣ ಸರಿಮಾಡಿ ಎಂಬ ಮಾತನ್ನು ಆಕೆ ನಾಲ್ಕು ಪದದಲ್ಲಿ ಹೇಳಿ ಮುಗಿಸಿದ್ದರು. ಅದನ್ನು ಇಟ್ಟುಕೊಳ್ಳಲು ಪ್ರಶ್ನಾವಳಿಯಲ್ಲಿ ಜಾಗ ಇರಲಿಲ್ಲ.

ಇದು ಜೋಡಿ ಪ್ರಶ್ನೆ. ಸಮೀಕ್ಷೆ ಕಲಿಯುವವರಿಗೆ ಮೊದಲ ವಾರದಲ್ಲೇ ಹೇಳಿಕೊಡುವ ತಪ್ಪು. ಆದರೂ ಮತ್ತೆ ಮತ್ತೆ ನುಸುಳುತ್ತದೆ, ಯಾಕೆಂದರೆ ಅದು ಅಜ್ಞಾನದಿಂದ ಬರುವುದಿಲ್ಲ, ಉಳಿತಾಯದಿಂದ ಬರುತ್ತದೆ. ಸಂದರ್ಶನ ನಲವತ್ತು ನಿಮಿಷ ಮೀರುತ್ತದೆ, ಕಡಿಮೆ ಮಾಡಿ ಅಂತಾರೆ. ಪ್ರಶ್ನೆ ಬಿಡಲು ಯಾರಿಗೂ ಮನಸ್ಸಿಲ್ಲ. ಕೊನೆಯ ಮೀಟಿಂಗಿನಲ್ಲಿ ಯಾರೋ ಎರಡು ಸಾಲಿನ ನಡುವೆ 'ಮತ್ತು' ಸೇರಿಸಿ ಒಂದು ಮಾಡುತ್ತಾರೆ. ಹಾಳೆಯ ಮೇಲೆ ಒಂದು ಪ್ರಶ್ನೆ ಉಳಿಯಿತು, ಕೇಳಿಸಿಕೊಳ್ಳುವವರ ತಲೆಯ ಮೇಲೆ ಎರಡರ ಭಾರ ಬಿತ್ತು. ಪ್ರಶ್ನಾವಳಿ ತಿದ್ದುವಾಗ 'ಮತ್ತು', 'ಹಾಗೂ', 'ಅಥವಾ' ಎಲ್ಲೆಲ್ಲಿವೆ ಎಂದು ಹುಡುಕಿ ಒಂದೊಂದನ್ನೂ ಅನುಮಾನದಿಂದ ನೋಡಬೇಕು. ಹತ್ತು ನಿಮಿಷದ ಕೆಲಸ.

ಸರಿಯಾದ ಕ್ರಮ ಹೀಗೆ. ಮೊದಲು ಒಟ್ಟು ಅಭಿಪ್ರಾಯ: "ಎಲ್ಲ ಸೇರಿ ಈ ಪುಡಿ ನಿಮಗೆ ಹೇಗನಿಸಿತು?" ಅದನ್ನು ಮೊದಲೇ ಕೇಳಬೇಕು. ಪರಿಮಳ, ನೊರೆ, ಕೊಳೆ ಎಂದು ಬಿಡಿಬಿಡಿಯಾಗಿ ಕೇಳಿ ಆಮೇಲೆ ಒಟ್ಟು ಕೇಳಿದರೆ, ಆಗಷ್ಟೇ ಆಡಿದ ಮಾತುಗಳೇ ಒಟ್ಟಿನ ಉತ್ತರವನ್ನು ಎಳೆಯುತ್ತವೆ. ಅದಾದ ಮೇಲೆ ಯಾಕೆ ಹಾಗನಿಸಿತು ಎಂದು ಕೇಳಿ, ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಬೇಕು. ನಂತರ ಒಂದೊಂದು ಗುಣಕ್ಕೆ ಒಂದೊಂದು ಪ್ರಶ್ನೆ, ಗುಣಗಳ ಸರದಿ ಮನೆಯಿಂದ ಮನೆಗೆ ಬದಲಾಗುತ್ತಿರಬೇಕು. ಐದು ಆಯ್ಕೆಗಳನ್ನು ಬಾಯಲ್ಲಿ ಹೇಳಿದರೆ ಸಾಲದು, ಕಾರ್ಡ್ ಕೈಗೆ ಕೊಡಬೇಕು. ಬರೀ ಕೇಳಿದವರು ಕೊನೆಯಲ್ಲಿ ಬಂದದ್ದನ್ನು ಹಿಡಿದುಕೊಳ್ಳುತ್ತಾರೆ, ಕಣ್ಣಲ್ಲಿ ನೋಡಿದವರು ಮೇಲಿನದಕ್ಕೆ ವಾಲುತ್ತಾರೆ. ಅದಕ್ಕೇ ಅರ್ಧ ಜನರಿಗೆ ಕಾರ್ಡಿನಲ್ಲಿ ಆಯ್ಕೆಗಳ ಸರದಿ ತಿರುಗಿಸಿ ಅಚ್ಚು ಮಾಡಿಸುವುದು. ಪೊಟ್ಟಣದ ಮೇಲೆ 'ಎ', 'ಬಿ' ಅಂತಲೂ ಬರೆಯಬಾರದು, 'ಎ' ಅಂದ ಕೂಡಲೇ ಅದೇ ಮೇಲು ಅನಿಸುತ್ತದೆ. 417, 852ರಂಥ ಅರ್ಥವಿಲ್ಲದ ಮೂರಂಕಿ ಹಾಕಬೇಕು. ಎರಡು ಪುಡಿ ಹೋಲಿಸುವುದಾದರೆ ಅರ್ಧ ಮನೆಗಳಿಗೆ ಇದು ಮೊದಲು, ಉಳಿದರ್ಧಕ್ಕೆ ಅದು ಮೊದಲು.

ಆ ಹುಡುಗನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಮುಗಿಸಿದ ಸಂದರ್ಶನಕ್ಕೆ ಇಷ್ಟು ಎಂದು ಅವನಿಗೆ ದುಡ್ಡು. ಉತ್ತರ ಒತ್ತದೆ ಮುಂದಿನ ಪ್ರಶ್ನೆಗೆ ಟ್ಯಾಬ್ ಹೋಗುವುದಿಲ್ಲ. 'ಗೊತ್ತಿಲ್ಲ', 'ಹೇಳಲಾಗದು' ಎಂಬ ಗುಂಡಿಗಳೇ ಇಲ್ಲ, ಅವಿದ್ದರೆ ಎಲ್ಲರೂ ಅದನ್ನೇ ಒತ್ತುತ್ತಾರೆ ಎಂದು ತೆಗೆಸಿದ್ದರು. ಹೀಗೆ ಎಲ್ಲ ಬಾಗಿಲೂ ಮುಚ್ಚಿ ಕೂರಿಸಿದರೆ ಅವನು ಇನ್ನೇನು ಮಾಡಬೇಕು? ಅವನಿಗೆ ಕಲಿಸಬೇಕಾಗಿದ್ದು ಮೂರೇ ವಾಕ್ಯ. "ಇನ್ನೊಮ್ಮೆ ಓದ್ತೀನಿ, ಕೇಳಿ." "ಇದರಲ್ಲಿ ನಿಮಗೆ ಯಾವುದು ಹತ್ತಿರ ಅನಿಸುತ್ತೆ?" "ನಿಮಗೆ ಹೇಗೆ ಅರ್ಥವಾಯ್ತೋ ಹಾಗೆ ಹೇಳಿ." ಇದಿಷ್ಟೂ ಆದಮೇಲೆ ಸುಮ್ಮನಿರುವುದು. 'ಎರಡೂ ಸೇರಿಸಿ' ಎಂದದ್ದು ಅವನ ಸ್ವಂತ ಮಾತು. ಹತ್ತು ಜನ ಸಂದರ್ಶಕರು ಹತ್ತು ಥರ ಬಿಡಿಸಿ ಹೇಳಿದರೆ ಅಲ್ಲಿಗೆ ಅದು ಹತ್ತು ಬೇರೆ ಪ್ರಶ್ನೆಗಳಾಯಿತು.

'ಗೊತ್ತಿಲ್ಲ' ಎಂಬುದನ್ನು ತೆಗೆದರೆ ಏನಾಗುತ್ತದೆಂದು ನೋಡಿದವರಿದ್ದಾರೆ. ಅಮೆರಿಕದ ಸಿನ್ಸಿನಾಟಿಯಲ್ಲಿ ಜಾರ್ಜ್ ಬಿಷಪ್ ಮತ್ತು ಸಂಗಡಿಗರು ಇಲ್ಲದ ಕಾಯ್ದೆಯೊಂದಕ್ಕೆ ಹೆಸರಿಟ್ಟು ಅದರ ಬಗ್ಗೆ ಜನರ ಅಭಿಪ್ರಾಯ ಕೇಳಿದರು. 1980ರಲ್ಲಿ ಪ್ರಕಟವಾದ ಅವರ ವರದಿಯಂತೆ ಸುಮಾರು ಮೂರರಲ್ಲೊಂದು ಪಾಲು ಜನ ಪರವೋ ವಿರುದ್ಧವೋ ಎಂದು ಹೇಳಿಬಿಟ್ಟಿದ್ದರು. ಅವರನ್ನು ಸುಳ್ಳರು ಅನ್ನುವುದು ಅನ್ಯಾಯ. ಕೇಳಿದವನನ್ನು ಬರಿಗೈಲಿ ಕಳಿಸಬಾರದೆಂಬ ಸೌಜನ್ಯ ಅದು. 'ನೀನೇ ಏನಾದ್ರೂ ಹಾಕ್ಕೊಳಪ್ಪ' ಎಂಬುದೂ ಅಂಥದ್ದೇ, ಇನ್ನಷ್ಟು ಪ್ರಾಮಾಣಿಕವಾದದ್ದು. ಆಕೆ ಸುಳ್ಳು ಹೇಳಲಿಲ್ಲ, ಸುಳ್ಳು ಬರೆದುಕೊಳ್ಳುವ ಕೆಲಸವನ್ನು ನಮಗೇ ಬಿಟ್ಟರು.

ಈಗ ಆ 4 ಎಲ್ಲಿಗೆ ಹೋಗುತ್ತದೆ ನೋಡಿ. ಮಾದರಿಯಲ್ಲಿ, ಅಂದರೆ ಕೇಳಲು ಆರಿಸಿಕೊಂಡ ಜನರಲ್ಲಿ, ವಯಸ್ಸಾದ ಹೆಂಗಸರು ಕಡಿಮೆ ಸಿಗುವುದು ಸಾಮಾನ್ಯ. ನೂರಕ್ಕೆ 12 ಇರಬೇಕಾದ ಗುಂಪು 8 ಮಾತ್ರ ಸಿಕ್ಕರೆ ಅವರಲ್ಲಿ ಒಬ್ಬೊಬ್ಬರಿಗೂ 1.5ರ ತೂಕ ಕೊಡುತ್ತೇವೆ. ಕೊರತೆ ತುಂಬಲು ಅದು ಸರಿಯಾದ ದಾರಿಯೇ. ಆದರೆ ಹುಡುಗನ ಬೆರಳು ಒತ್ತಿದ ಆ 4 ಅಲ್ಲಿಗೆ ಒಂದೂವರೆ ಜನರ ಅಭಿಪ್ರಾಯವಾಗುತ್ತದೆ. 4 ಮತ್ತು 5 ಕೂಡಿಸಿ 'ತೃಪ್ತರು' ಎಂಬ ಒಂದು ಪಟ್ಟಿ ಬರುತ್ತದೆ, ಅಡಿಯಲ್ಲಿ ಸಣ್ಣಕ್ಷರದಲ್ಲಿ ±3, ಅಂದರೆ ನೂರಕ್ಕೆ ಮೂರು ಆಚೀಚೆ, ಎಂದಿರುತ್ತದೆ. ಓದಿದವರು ಈ ಅಂಕಿಯಲ್ಲಿ ಇರಬಹುದಾದ ತಪ್ಪೆಲ್ಲ ಅಷ್ಟೇ ಎಂದುಕೊಳ್ಳುತ್ತಾರೆ.

ಆ ±3 ಹೇಳುವುದು ಒಂದೇ ಸಂಗತಿಯನ್ನು: ಎಲ್ಲರನ್ನೂ ಕೇಳುವ ಬದಲು ಕುರುಡಾಗಿ ಆರಿಸಿದ ಸುಮಾರು ಸಾವಿರ ಜನರನ್ನು ಕೇಳಿದ್ದರಿಂದ ಆಗುವ ಏರುಪೇರು. 400 ಜನರಾದರೆ ಸುಮಾರು ±5. ಏರುಪೇರು ಅರ್ಧಕ್ಕೆ ಇಳಿಯಬೇಕಾದರೆ ಜನ ನಾಲ್ಕು ಪಟ್ಟು ಬೇಕು. ಒಂದೊಂದು ಬೀದಿಯಲ್ಲಿ ಇಪ್ಪತ್ತಿಪ್ಪತ್ತು ಮನೆ ಮಾಡಿದ್ದರೆ, ಅಕ್ಕಪಕ್ಕದವರು ಒಂದೇ ಥರ ಯೋಚಿಸುವುದರಿಂದ, ಸಾವಿರ ಜನರ ಬೆಲೆ ಐನೂರಕ್ಕೂ ಇಳಿಯಬಹುದು. ಪ್ರಶ್ನೆಯೇ ಕೆಟ್ಟಿದ್ದರೆ ಆ ತಪ್ಪು ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ. ಜನ ಹೆಚ್ಚಾದಷ್ಟೂ ±ನ ಅಂಕಿ ಸಣ್ಣದಾಗಿ, ತಪ್ಪಿಗೇ ಗಟ್ಟಿತನ ಬರುತ್ತದೆ.

1936ರಲ್ಲಿ ಅಮೆರಿಕದ 'ಲಿಟರರಿ ಡೈಜೆಸ್ಟ್' ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಚೀಟಿ ಕಳಿಸಿ, ಇಪ್ಪತ್ತು ಲಕ್ಷಕ್ಕೂ ಮಿಕ್ಕಿ ಉತ್ತರ ತರಿಸಿಕೊಂಡು, ಅಧ್ಯಕ್ಷ ಚುನಾವಣೆಯಲ್ಲಿ ಲ್ಯಾಂಡನ್ ಗೆಲ್ಲುತ್ತಾರೆಂದು ಬರೆಯಿತು. ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46 ಗೆದ್ದರು. ಪಟ್ಟಿ ಬಂದದ್ದು ಟೆಲಿಫೋನ್ ಪುಸ್ತಕ, ಕಾರು ನೋಂದಣಿಯಂಥ ಕಡೆಗಳಿಂದ. ಜೊತೆಗೆ ರೂಸ್‌ವೆಲ್ಟ್ ಮೇಲೆ ಸಿಟ್ಟಿದ್ದವರೇ ಹೆಚ್ಚಾಗಿ ಚೀಟಿ ವಾಪಸ್ ಕಳಿಸಿದ್ದರು. ಅದೇ ಸಲ ಬಹಳ ಕಡಿಮೆ ಜನರನ್ನು ಕೇಳಿ ಗೆಲ್ಲುವವರನ್ನು ಸರಿಯಾಗಿ ಹೇಳಿದ ಸಮೀಕ್ಷೆಗಾರ ಜಾರ್ಜ್ ಗ್ಯಾಲಪ್ ಕೂಡ 1948ರ ಅಧ್ಯಕ್ಷ ಚುನಾವಣೆಯಲ್ಲಿ ಎಡವಿದರು, ಮತದಾನಕ್ಕೆ ಇನ್ನೂ ದಿನಗಳಿರುವಾಗಲೇ ಕೇಳುವುದನ್ನು ನಿಲ್ಲಿಸಿದ್ದು ಒಂದು ಕಾರಣ. ಈ ಕಥೆಗಳನ್ನು ಎಲ್ಲರೂ ಹೇಳುತ್ತಾರೆ, ಯಾರನ್ನು ಕೇಳಬೇಕೆಂಬ ಪಾಠಕ್ಕೆ. ಏನನ್ನು ಕೇಳಬೇಕೆಂಬ ಪಾಠ ಅಷ್ಟು ಪ್ರಸಿದ್ಧವಾಗಿಲ್ಲ, ನನಗೆ ಬೇಜಾರು ಅದೇ. 1941ರಲ್ಲಿ ಸಮೀಕ್ಷೆ ಸಂಶೋಧಕ ಡೊನಾಲ್ಡ್ ರಗ್ ತೋರಿಸಿಕೊಟ್ಟ ಪ್ರಯೋಗದಲ್ಲಿ, ಪ್ರಜಾಪ್ರಭುತ್ವದ ವಿರುದ್ಧದ ಭಾಷಣಗಳನ್ನು 'ನಿಷೇಧಿಸಬೇಕೇ' ಎಂದು ಅರ್ಧ ಜನರನ್ನು, 'ಅವಕಾಶ ಕೊಡಬೇಕೇ' ಎಂದು ಉಳಿದವರನ್ನು ಕೇಳಲಾಗಿತ್ತು. ಅವಕಾಶ ಬೇಡ ಎಂದವರು, ನಿಷೇಧಿಸಿ ಎಂದವರಿಗಿಂತ ನೂರಕ್ಕೆ ಹದಿನೈದಕ್ಕೂ ಮೀರಿ ಹೆಚ್ಚಿದ್ದರು. ಒಂದು ಪದ ಮಾತ್ರ ಬೇರೆ.

ಕೊಳ್ಳುವವರ ವಿಷಯದಲ್ಲಿ 1985ರ ಕೋಕಾ-ಕೋಲಾ ಪ್ರಸಂಗವಿದೆ. ಸುಮಾರು ಎರಡು ಲಕ್ಷ ರುಚಿಪರೀಕ್ಷೆಗಳಲ್ಲಿ ಹೊಸ ರುಚಿಯೇ ಮೇಲಾಗಿತ್ತು. ಏಪ್ರಿಲ್ 23ಕ್ಕೆ ಹಳೆಯದನ್ನು ನಿಲ್ಲಿಸಿ ಹೊಸದನ್ನು ಘೋಷಿಸಿದವರು ಜುಲೈ 11ಕ್ಕೆ ಹಳೆಯದನ್ನು ವಾಪಸ್ ತರುತ್ತೇವೆ ಎನ್ನಬೇಕಾಯಿತು. ಯಾವ ಗುಟುಕು ಚೆನ್ನಾಗಿದೆ ಎಂಬುದು ಒಂದು ಪ್ರಶ್ನೆ, ಹಳೆಯದು ಇನ್ನು ಸಿಗುವುದೇ ಇಲ್ಲವೆಂದರೆ ಹೇಗೆ ಎಂಬುದು ಬೇರೆಯೇ ಪ್ರಶ್ನೆ. ಅವೆರಡನ್ನೂ ಒಂದೇ ಎಂದುಕೊಂಡದ್ದು, ಪರಿಮಳವನ್ನೂ ಕೊಳೆಯನ್ನೂ ಒಂದೇ ಸಾಲಿಗೆ ಹಾಕಿದಂತೆಯೇ.

ನಮ್ಮ ಪ್ರಶ್ನಾವಳಿಗೂ ಪೈಲಟ್, ಅಂದರೆ ಮುಂಚಿನ ಪರೀಕ್ಷೆ, ಆಗಿತ್ತು, ಆಫೀಸಿನವರ ಮೇಲೆ. ಅವರಿಗೆ ಪ್ರಶ್ನೆಯ ಉದ್ದೇಶ ಮೊದಲೇ ಗೊತ್ತು, ಸಲೀಸಾಗಿ ಒತ್ತಿ ಮುಗಿಸಿದರು. ಆಗಬೇಕಾದದ್ದು ಬೇರೆ: ನಿಜವಾಗಿ ಬಟ್ಟೆ ಒಗೆಯುವ ಹತ್ತು ಹದಿನೈದು ಜನರ ಮುಂದೆ ಕುಳಿತು, "ಇದರಲ್ಲಿ ಏನು ಕೇಳ್ತಿದ್ದಾರೆ, ನಿಮ್ಮ ಮಾತಲ್ಲಿ ಹೇಳಿ" ಎನ್ನುವುದು. ಮೂರನೆಯವರೋ ನಾಲ್ಕನೆಯವರೋ 'ಯಾವುದಕ್ಕೆ ಹೇಳ್ಲಿ' ಎಂದು ಕೇಳಿಯೇ ಕೇಳುತ್ತಿದ್ದರು.

ರೆಕಾರ್ಡಿಂಗ್ ಕೇಳಿದವರೊಬ್ಬರು, 4 ತೆಗೆದು 2 ಹಾಕಿಬಿಡೋಣ ಎಂದರು. ಕೂಡದು. ಹುಡುಗ ಊಹಿಸಿದ ಅಂಕಿಯ ಬದಲು ನಮ್ಮ ಊಹೆ ಕೂರುತ್ತದೆ ಅಷ್ಟೇ. ಬರೀ ಅದೊಂದನ್ನು ಖಾಲಿ ಬಿಟ್ಟರೂ ಸಾಲದು. ತಡವರಿಸದೆ 4 ಎಂದವರು ಯಾವುದಕ್ಕೆ ಹೇಳಿದರೆಂದು ಯಾರಿಗೂ ತಿಳಿಯದು, ಹಾಗಾಗಿ ಆ ಪ್ರಶ್ನೆಯ ಎಲ್ಲರ ಉತ್ತರಗಳೂ ವರದಿಯಿಂದ ಹೊರಗೆ. ಕ್ಲೈಂಟ್‌ಗೆ ಇದನ್ನು ಹೇಳಿದ್ದು ಗುರುವಾರ, ಸುಲಭದ ಮಾತುಕತೆ ಆಗಿರಲಿಲ್ಲ. ಪ್ರಶ್ನೆಯನ್ನು ಎರಡು ಮಾಡಿ, 'ಹೇಳಲಾಗದು' ಎಂಬುದಕ್ಕೆ 98 ಕೋಡ್ ಕೊಟ್ಟು, ಫೋನಿನಲ್ಲಿ ಮತ್ತೆ ಕೇಳಲು ಒಪ್ಪಿಗೆ ಸಿಕ್ಕಿತು.

ಶುಕ್ರವಾರ ಸೂಪರ್‌ವೈಸರ್ ಆ ಅಮ್ಮನಿಗೆ ಫೋನ್ ಮಾಡಿದರು. ಪರಿಮಳಕ್ಕೆ 5, ಕೊಳೆಗೆ 2. ಎರಡಕ್ಕೂ ಸೇರಿ ಒಂದು ನಿಮಿಷವೂ ಹಿಡಿಯಲಿಲ್ಲ. ಇಡುವ ಮುಂಚೆ ಆಕೆ ಕೇಳಿದರಂತೆ: "ಅವತ್ತೂ ಇದನ್ನೇ ಹೇಳಿದ್ನಲ್ಲಪ್ಪ, ಬರ್ಕೊಂಡಿರ್ಲಿಲ್ವಾ?"