ದಾಂಡೇಲಿಗೆ ಮಂಗಟ್ಟೆ (ಹಾರ್ನ್‌ಬಿಲ್ ಹಕ್ಕಿ) ನೋಡಲು ಹೋಗ್ತೀರಾ?

ಮೊದಲ ದಿನ ನಾವು ಎದ್ದದ್ದೇ ಎಂಟು ಗಂಟೆಗೆ. ರೆಸಾರ್ಟಿನಲ್ಲಿ ಹನ್ನೆರಡರ ತನಕ ಡಿಜೆ ಹಾಕಿದ್ದರು, ನಿದ್ದೆ ಎಲ್ಲಿಂದ ಬರಬೇಕು? ತಿಂಡಿ ಮುಗಿಸಿ ಹೊರಟಾಗ ಹತ್ತಾಗಿತ್ತು. ಬಿಸಿಲಲ್ಲಿ ಅಲೆದು ಅಲೆದು ಕಂಡಿದ್ದು ಎರಡು ಮಂಗ. ರೂಮ್ ಬುಕ್ ಮಾಡುವಾಗ ರಾಫ್ಟಿಂಗ್ ರೇಟ್ ಆಮೇಲೆ ಕೇಳಿ, ರಾತ್ರಿ ಹಾಡು ಹಾಕ್ತಾರಾ ಅಂತ ಮೊದಲು ಕೇಳಿ.

ಹುಬ್ಬಳ್ಳಿ ತನಕ ರೈಲು, ಅಲ್ಲಿಂದ ಬಸ್ಸಲ್ಲಿ ಸುಮಾರು 75 ಕಿ.ಮೀ. ಅಷ್ಟೇ.

ಎರಡನೇ ದಿನ ಬೆಳಕು ಹರಿಯುವ ಮೊದಲೇ ಟಿಂಬರ್ ಡಿಪೋ ಹತ್ತಿರ ನಿಂತೆವು. ಕಪ್ಪು-ಬಿಳಿ ಮಂಗಟ್ಟೆಗಳು ಕಿರುಚಾಡುತ್ತಾ ಮರದಿಂದ ಮರಕ್ಕೆ ಹಾರುತ್ತಿದ್ದವು. ಊರ ಮಧ್ಯದಲ್ಲೇ! ಆದರೆ ನಮಗೆ ಬೇಕಿದ್ದದ್ದು ದೊಡ್ಡದು, ದಾಸ ಮಂಗಟ್ಟೆ. ಜೊತೆಗಿದ್ದ ಗೈಡ್ ನಕ್ಕು, "ಹಕ್ಕಿ ಹುಡುಕಬ್ಯಾಡ್ರಿ ಸರ್, ಹಣ್ಣಾಗಿರೋ ಮರ ಹುಡುಕೋಣ" ಅಂದರು. ಒಂದು ಬಸರಿ ಮರದ ಕೆಳಗೆ ಸುಮ್ನೆ ಕೂತೆವು.

ಬಂದದ್ದು ಕಣ್ಣಿಗಿಂತ ಮೊದಲು ಕಿವಿಗೆ. ಯಾರೋ ಕಂಬಳಿ ಕೊಡವಿದ ಹಾಗೆ ರೆಕ್ಕೆ ಸದ್ದು. ಕೊಕ್ಕಿನ ತುದಿಯಲ್ಲಿ ಹಣ್ಣು ಕೀಳುತ್ತೆ, ಮೇಲಕ್ಕೆ ಚಿಮ್ಮಿಸುತ್ತೆ, ಗಂಟಲಿಗೆ ಬೀಳಿಸಿಕೊಳ್ಳುತ್ತೆ. ನಾಲಿಗೆ ಗಿಡ್ಡ, ಕೊಕ್ಕಿನ ತುದಿ ತನಕ ಎಟಕಲ್ಲ, ಅದಕ್ಕೇ ಈ ಸರ್ಕಸ್. ರೆಕ್ಕೆಯ ಬಿಳಿ ಪಟ್ಟಿಗೆ, ಕೊಕ್ಕಿಗೆ ಹಳದಿ ಬಳಿದಂತಿತ್ತು. ನಿಜಕ್ಕೂ ಬಳಿದದ್ದೇ: ಬಾಲದ ಬುಡದ ಗ್ರಂಥಿಯಿಂದ ಬರುವ ಎಣ್ಣೆಯನ್ನು ಅದೇ ಹಚ್ಚಿಕೊಳ್ಳುತ್ತೆ. ಕಣ್ಣು ಕೆಂಪಾಗಿದ್ದರೆ ಗಂಡು, ಬೆಳ್ಳಗಿದ್ದರೆ ಹೆಣ್ಣು. ನಮ್ಮದು ಗಂಡು. ತಿಂದದ್ದಕ್ಕಿಂತ ಗಂಟಲಲ್ಲಿ ತುಂಬಿಕೊಂಡು ಹೋದದ್ದೇ ಜಾಸ್ತಿ.

ನಾವು ಹೋದದ್ದು ಮಾರ್ಚ್. ಆಗ ಹೆಣ್ಣು ಮರದ ಪೊಟರೆಯೊಳಗೆ ಕೂತು ಬಾಗಿಲು ಮೆತ್ತಿಕೊಂಡಿರುತ್ತೆ, ಕೊಕ್ಕು ತೂರುವಷ್ಟು ಸೀಳು ಮಾತ್ರ ಬಿಟ್ಟು. ಹೊರಗಿನಿಂದ ಗಂಡು ತರುವ ಹಣ್ಣೇ ಗತಿ. ಹಾಗಾಗಿ ಹಣ್ಣು ಹೊತ್ತು ಹೋಗುವ ಹಕ್ಕಿಯ ಹಿಂದೆ ಕ್ಯಾಮೆರಾ ಹಿಡಿದು ಓಡಬೇಡಿ. ಗೂಡಿನ ಹತ್ತಿರ ನಿಮ್ಮನ್ನು ಕಂಡರೆ ಅದು ಬರಲ್ಲ, ಒಳಗಿದ್ದವರು ಉಪವಾಸ. "ಗೂಡು ತೋರಿಸ್ತೀನಿ, ಎಕ್ಸ್‌ಟ್ರಾ ಕೊಡಿ" ಅನ್ನುವವರು ಸಿಕ್ಕರೆ ಬೇಡ ಅನ್ನಿ.

ಬೈನಾಕ್ಯುಲರ್ ಇರಲಿ. ಟೋಪಿಯಂತೂ ಬೇಕೇ ಬೇಕು. ಹಣ್ಣಾದ ಬಸರಿ ಕೆಳಗೆ ಎರಡು ಗಂಟೆ ಕೂತವರ ತಲೆ ಮೇಲೆ ಬೀಳೋದು ಬರೀ ಹಣ್ಣಲ್ಲ.